ಹುಕ್ಕೇರಿ ಕ್ಯಾಂಪಿನ ಒನ್ಸ್ ಮೋರ್

ಮಸಗುಪ್ಪಿ
4 ಆಗಸ್ಟ್ 2024

ಅತ್ತಿ,

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ವಿಡಿಯೋ ಕಾಲ್ ಮಾಡಿದರೆ ಎಲ್ಲರೂ ಬಾಯಿ ಅಗಲಿಸಿ ಒದರುತ್ತಾರೆ ಅಂತ ನೀನು ಮುಖ ತಿರುಗಿಸುತ್ತೀಯ. ಹಾಗಾಗಿ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಹಾಳೆ ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಾನು ಒಂದೂವರೆ ವರ್ಷದಿಂದ ಗೋಕಾಕದ ಸುಶಾಂತನ ಯೂಟ್ಯೂಬ್ ಚಾನೆಲ್ಲಿನಲ್ಲಿ ಕಾಮಿಡಿ ವಿಡಿಯೋ ಮಾಡುವುದು ನಿನಗೆ ಗೊತ್ತು. ಅವನೇ ಮಾಲೀಕ, ಅವನೇ ಡೈರೆಕ್ಟರು, ಅವನೇ ಕುಡುಕ ಗಂಡ. ನಾನು ಹೆಂಡತಿ. ಹೋದ ತಿಂಗಳು ಮೇಲವಂಕಿಯ ಕಬ್ಬಿನ ಹೊಲದಲ್ಲಿ ಶೂಟಿಂಗ್ ಇತ್ತು. ಗಂಡ ಹೆಂಡತಿಯ ಕಪಾಳಕ್ಕೆ ಹೊಡೆಯಬೇಕು, ಅವಳು ಒಂದು ಕ್ಷಣ ಸುಮ್ಮನಿದ್ದು ಆಮೇಲೆ "ಚಾ ಕುಡಿತೀಯೇನು" ಅಂತ ಕೇಳಬೇಕು. ಅದೇ ಕಾಮಿಡಿ. ಎಂಟು ಟೇಕ್ ಸುಳ್ಳು ಸುಳ್ಳೇ ಹೊಡೆದ. ಒಂಬತ್ತನೇ ಸಲ ಏನೂ ಹೇಳದೆ ಖರೇನೇ ಬಾರಿಸಿದ. ಅವನ ಕೈಯಲ್ಲಿ ಗುಟ್ಕಾದ ವಾಸನೆ. ಎರಡು ದಿನ ಸಾಬೂನು ಹಚ್ಚಿ ತಿಕ್ಕಿದರೂ ನನ್ನ ಕೆನ್ನೆಯಿಂದ ಆ ವಾಸನೆ ಹೋಗಲಿಲ್ಲ.

ಆ ಒಂಬತ್ತನೆಯದನ್ನೇ ಹಾಕಿದ. ಇಪ್ಪತ್ತು ಲಕ್ಷ ಮಂದಿ ನೋಡಿದ್ದಾರಂತೆ. ಮೂಡಲಗಿ ಸಂತೆಗೆ ಹೋದರೆ ಉಳ್ಳಾಗಡ್ಡಿ ಮಾರುವಾಕೆ ನನ್ನ ಕೆನ್ನೆ ನೋಡಿ ನಗುತ್ತಾಳೆ. "ನೀನ ಹೌದಿಲ್ಲವಾ, ಕಪಾಳಾ ತಿಂದಾಕಿ" ಅಂತ ಕೇಳಿ ಎರಡು ಉಳ್ಳಾಗಡ್ಡಿ ಹೆಚ್ಚಿಗೆ ಹಾಕುತ್ತಾಳೆ. ಆ ಉಳ್ಳಾಗಡ್ಡಿ ಮನೆಗೆ ತರಲು ಹೇಸಿಕೆಯಾಗಿ ದಾರಿಯಲ್ಲಿ ಎಮ್ಮೆಯ ಮುಂದೆ ಚೆಲ್ಲಿ ಬಂದೆ.

ಈಗ ಮುಖ್ಯ ಮಾತು. ಅದೇ ವಿಡಿಯೋ ನೋಡಿ ಬೆಂಗಳೂರಿನಿಂದ ಸೀರಿಯಲ್‌ನವರು ಫೋನ್ ಮಾಡಿದ್ದಾರೆ. ಶ್ರೀಮಂತರ ಮನೆಯ ಕೆಲಸದವಳ ಪಾತ್ರ, ಮಾತು ನಮ್ಮ ಕಡೆಯದು. ಪರೀಕ್ಷೆಗೆ ಕರೆಯುತ್ತಾರೆ, ಆರಿಸಿದರೆ ಅಲ್ಲೇ ಹೋಗಿ ಇರಬೇಕು. ಅಪ್ಪ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿದ್ದಾನೆ. ಫೋನಿನಲ್ಲಿ ಹೇಳಿದೆ. ದಾರಿ ತಪ್ಪಿದ ಕುರಿಯೊಂದನ್ನು ಒದರಿ ತಿರುಗಿಸಿದ. ಆಮೇಲೆ, "ನಿಮ್ಮತ್ತಿನ್ನ ಕೇಳು. ಆಕಿ ಏನ ಅಂತಾಳ ಹಂಗ ಮಾಡು" ಅಂದ.

ನಮ್ಮ ಮನೆತನದಲ್ಲಿ ಬಣ್ಣ ಹಚ್ಚಿದಾಕಿ ನೀನೊಬ್ಬಳೇ. ಜ್ವರ ಬಂದು ಕಿವಿ ಹೋಗದಿದ್ದರೆ ನೀನು ಇಂದಿಗೂ ನಾಟಕ ಕಂಪನಿಯಲ್ಲೇ ಇರುತ್ತಿದ್ದೆ ಅಂತ ಸಣ್ಣವಳಿದ್ದಾಗಿಂದ ಕೇಳಿದ್ದೇನೆ. ಹೋಗಲಾ, ಬೇಡವಾ?

ನಿನ್ನ
ಭಾಗ್ಯಾ


ಹುಕ್ಕೇರಿ
19 ಆಗಸ್ಟ್ 2024

ಭಾಗ್ಯಾ,

ಕ್ಷೇಮ ವಿಚಾರಿಸುವ ಸಾಲು ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಲ್ಲ, ನಿನ್ನ ಪತ್ರ ಓದಿ ನಾನೂ ಇಲ್ಲ.

ನಾನು ಕಾಜಾ ಗುಂಡಿ ಹೊಲಿಯುವ ಅಂಗಡಿಯ ಮಾಲಕಿ ವಿಜಯಲಕ್ಷ್ಮಿ ತನ್ನ ಫೋನಿನಲ್ಲಿ ನಿನ್ನ ವಿಡಿಯೋ ತೋರಿಸಿದಳು. ಅವಳೂ ಮೊದಲು ನಕ್ಕಳು. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ನನಗೆ ಸದ್ದು ಕೇಳಲಿಲ್ಲ, ಕೈ ಕಂಡಿತು. ಮೂರು ಸಲ ಹಾಕಿಸಿ ನೋಡಿದೆ. ಹೊಡೆಯುವ ಮೊದಲು ಅವನ ಭುಜ ತಿರುಗಿದೆ. ನಟನೆ ಮಾಡುವವನ ಭುಜ ತಿರುಗುವುದಿಲ್ಲ, ಮಣಿಕಟ್ಟು ಮಾತ್ರ ತಿರುಗುತ್ತದೆ. ಅವನು ಒಂಬತ್ತನೇ ಸಲಕ್ಕೆ ಬೇಸರವಾಗಿ ಹೊಡೆದದ್ದಲ್ಲ. ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಒಂದು ಮಾತು ಕಲಿತುಕೋ. ಕಪಾಳಕ್ಕೆ ಹೊಡೆಯುವ ಆಟದಲ್ಲಿ ಹೊಡೆಯುವವನ ಕೆಲಸ ಏನೂ ಇಲ್ಲ. ಅವನು ಕೈ ಬೀಸಿ ಗಾಳಿಯಲ್ಲಿ ಬಿಟ್ಟರೆ ಮುಗಿಯಿತು. ಉಳಿದದ್ದೆಲ್ಲ ಹೊಡೆಸಿಕೊಳ್ಳುವವರದು. ಕೈ ಬರುವ ಹೊತ್ತಿಗೆ ಸರಿಯಾಗಿ ಮುಖ ತಿರುಗಬೇಕು, ಕೂದಲು ಮುಂದೆ ಬೀಳಬೇಕು, ಮಂದಿಗೆ ಕಾಣದಂತೆ ಸೊಂಟದ ಹತ್ತಿರ ನಮ್ಮ ಎರಡು ಅಂಗೈ ಒಂದಕ್ಕೊಂದು ಬಡಿಯಬೇಕು. ಬೆರಳು ಬಿಡಿಸಿರಬಾರದು, ಅಂಗೈ ಸ್ವಲ್ಪ ಬಟ್ಟಲಾಗಿರಬೇಕು. ಸದ್ದು ನಮ್ಮದು. ಅದನ್ನು ಯಾರ ಕೈಗೂ ಕೊಡಬಾರದು.

ಇದು ವಿದ್ಯೆಯ ಮಾತಾಯಿತು. ನೀನು ಕೇಳಿದ್ದಕ್ಕೆ ಉತ್ತರ ಬೇರೆ. ಹೋಗಬೇಡ.

ಆ ಲೋಕ ನನಗೆ ಗೊತ್ತು. ಟೆಂಟಿನ ಹಿಂದೆ ಬಣ್ಣ ತೊಳೆದ ನೀರು ನಿಂತು ನಾರುತ್ತಿತ್ತು. ಅದರ ಪಕ್ಕದಲ್ಲೇ ಒಲೆ ಹೂಡಿ ನಾವು ರೊಟ್ಟಿ ಬಡಿಯುತ್ತಿದ್ದೆವು. ಆಟ ನೋಡಿ ಅತ್ತವನೇ ಆಟ ಮುಗಿದ ಮೇಲೆ ಪರದೆ ಎತ್ತಿ ಒಳಗೆ ಮುಖ ಹಾಕುತ್ತಿದ್ದ. ಊರಿನ ದೊಡ್ಡವರು ಸನ್ಮಾನ ಮಾಡಿ ಶಾಲು ಹೊದಿಸುವಾಗ ಬೆರಳು ಕುತ್ತಿಗೆಯ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿತ್ತು. ನೆನಸಿಕೊಂಡರೆ ಇವತ್ತಿಗೂ ಕುತ್ತಿಗೆ ಒರೆಸಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಟೆಂಟು ಇರಲಿಕ್ಕಿಲ್ಲ, ಏಸಿ ಇರಬಹುದು. ಬೆರಳು ಅವೇ.

ಅಂದಹಾಗೆ ಸುಶಾಂತ ಬಲಗೈಯವನಲ್ಲವೇ? ವಿಡಿಯೋದಲ್ಲಿ ಹಾಗೆ ಕಂಡಿತು. ನಿನ್ನ ಎಡಗಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಮುಚ್ಚಿಡಬೇಡ, ನಾಳೆಯೇ ಡಾಕ್ಟರಿಗೆ ತೋರಿಸು.

ಸಾವಿತ್ರವ್ವ


ಮಸಗುಪ್ಪಿ
8 ಸೆಪ್ಟೆಂಬರ್ 2024

ಅತ್ತಿ,

ಕಿವಿ ಚೆನ್ನಾಗಿದೆ. ಬೇಕಾದ್ದು ಬೇಡವಾದ್ದು ಎಲ್ಲ ಕೇಳಿಸುತ್ತದೆ, ಅದೇ ತೊಂದರೆ.

ನೀನು ಹೇಳಿದ ಅಂಗೈ ಸದ್ದನ್ನು ಹಿತ್ತಲಿನಲ್ಲಿ ಒಂದು ವಾರ ಕಲಿತೆ. ಅವ್ವ ಹೊರಗೆ ಬಂದು ಕೋಳಿ ಓಡಿಸುತ್ತಿದ್ದೀಯೇನು ಅಂತ ಕೇಳಿದಳು. ಧುಪದಾಳದಲ್ಲಿ ಹೊಳೆಗೆ ಕಟ್ಟಿದ ಬಂದಾರದ ಹತ್ತಿರ ಶೂಟಿಂಗ್ ಇದ್ದಾಗ ಸುಶಾಂತನಿಗೆ ಮಾಡಿ ತೋರಿಸಿದೆ. ಅವನು ನೋಡಿದ, ಛಲೋ ಐತಿ ಅಂದ. ಆಮೇಲೆ, "ಆದ್ರ ಇದು ನಾಟಕದ ಆಟ ಬಿಡು. ಮೊಬೈಲ್ ನೋಡೋ ಮಂದಿಗೆ ಖರೆ ಬೇಕು. ಒಂದ ಏಟಿಗೆ ನೀ ಸಾಯಂಗಿಲ್ಲ" ಅಂತ ಹೇಳಿ ಮತ್ತೆ ಖರೇನೇ ಹೊಡೆದ. ಎಲ್ಲರೂ ನಕ್ಕರು. ಮೈಕ್ ಹಿಡಿದವನ ಕೈ ನಗುವಿಗೆ ಅಲುಗಾಡಿತು ಅಂತ ಇನ್ನೊಂದು ಟೇಕ್ ಆಯಿತು.

ಹೋದ ಸೋಮವಾರ ನನ್ನನ್ನು ನೋಡಲು ಬಂದಿದ್ದರು. ವರನ ತಾಯಿ ಉದ್ದವ್ವ ಅಂತ. ಚಾ ಕೊಡಲು ಬಗ್ಗಿದರೆ ನನ್ನ ಕೆನ್ನೆ ಹಿಡಿದು ಹಿಂಡಿ, "ಇದ ಏನ್ರಿ ಆ ಕಪಾಳಾ" ಅಂದಳು. ಮದುವೆಯಾದ ಮೇಲೆ ವಿಡಿಯೋ ಬಂದ್, ಇರುವವನ್ನೆಲ್ಲ ಅಳಿಸಿ ಹಾಕಬೇಕು ಅಂತ ಕರಾರು. ಆದರೆ ಅವಳ ಫೋನಿನ ರಿಂಗ್‌ಟೋನ್ ನನ್ನದೇ "ಚಾ ಕುಡಿತೀಯೇನು". ನಮ್ಮ ಮನೆಯಲ್ಲಿ ಕೂತಾಗ ಎರಡು ಸಲ ಬಾರಿಸಿತು. ಅವರು ಹೋದ ಮೇಲೆ ಅವಳು ಕುಡಿದ ಬಟ್ಟಲನ್ನು ಬೂದಿ ಹಾಕಿ ತಿಕ್ಕಿದೆ.

ನಿನ್ನ ಉತ್ತರ ಓದಿ ಸಿಟ್ಟು ಬಂತು, ಹೇಳಿಬಿಡುತ್ತೇನೆ. ಎಲ್ಲರೂ ಬೇಡ ಅನ್ನುತ್ತಾರೆ. ನೀನಾದರೂ ಬೇರೆ ಏನಾದರೂ ಹೇಳುತ್ತೀ ಅಂತ ಆಸೆಯಿತ್ತು. ನಾರುವ ನೀರು, ಕುತ್ತಿಗೆಯ ಮೇಲಿನ ಬೆರಳು, ಇದನ್ನೆಲ್ಲ ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಇಲ್ಲೇ ಇದೆ. ನನಗೆ ಗೊತ್ತಿರುವುದು ಒಂದೇ. ಕ್ಯಾಮೆರಾ ಶುರುವಾದ ಮೇಲೆ ನನ್ನ ಕೈಕಾಲಿಗೆ ಎಲ್ಲಿರಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ಉಳಿದ ಹೊತ್ತು ನಾನು ಯಾರ ಮನೆಯಲ್ಲೋ ಅಡ್ಡ ನಿಂತವಳ ಹಾಗೆ ಇರುತ್ತೇನೆ. ಆಟ ಕೆಟ್ಟದು, ಮಾತು ಕೆಟ್ಟವು, ಹೊಡೆಯುವವನು ಕೆಟ್ಟವನು. ಆದರೂ "ಆಕ್ಷನ್" ಅಂದಾಗ ನನಗೆ ಸಂತೋಷವಾಗುತ್ತದೆ. ನನ್ನ ಮೇಲೇ ನನಗೆ ಹೇಸಿಕೆ ಬರುವುದು ಅದಕ್ಕೆ.

ನಿನಗೆ ಜ್ವರ ಬಂತು, ಬಿಟ್ಟೆ. ಬಿಟ್ಟವರಿಗೆ ಆ ಲೋಕ ಹೊಲಸು ಅನ್ನುವುದು ಸುಲಭ. ನನಗೆ ಇನ್ನೂ ಜ್ವರ ಬಂದಿಲ್ಲ.

ಭಾಗ್ಯಾ


ಮಸಗುಪ್ಪಿ
3 ನವೆಂಬರ್ 2024

ಅತ್ತಿ,

ಎರಡು ತಿಂಗಳು ನಿನ್ನ ಉತ್ತರ ಬರಲಿಲ್ಲ. ನನ್ನ ಮಾತಿಗೆ ನೊಂದಿದ್ದೀಯ ಅಂತ ತಿಳಿದಿತ್ತು. ಕ್ಷಮಿಸು ಅಂತ ಬರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಅದಕ್ಕಿಂತ ದೊಡ್ಡ ತಪ್ಪು ಮಾಡಿಬಿಟ್ಟೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು.

ದೀಪಾವಳಿಗೆ ಅಂತ ಸುಶಾಂತ ಗೋಕಾಕದ ಆಫೀಸಿನಲ್ಲಿ ಹಳೆಯ ನಾಟಕದವರೊಬ್ಬರ ಸಂದರ್ಶನ ಇಟ್ಟಿದ್ದ. ಬೀರಸಿದ್ದಪ್ಪ ಅಂತ, ಒಂದು ಕಾಲಕ್ಕೆ ಸ್ವಂತ ಕಂಪನಿ ಕಟ್ಟಿ ಊರೂರು ತಿರುಗಿದವರು. ಎಪ್ಪತ್ತು ದಾಟಿದೆ. ಬಿಳಿ ಧೋತರ, ಹೆಗಲ ಮೇಲೆ ಜರಿ ಶಾಲು. ಮುಂದೆ ಕರದಂಟಿನ ಡಬ್ಬಿ ಇಟ್ಟಿದ್ದರು, ಒಂದೊಂದೇ ಬಾಯಿಗೆ ಹಾಕಿಕೊಂಡು ಬೆರಳು ನೆಕ್ಕುತ್ತಾ ಮಾತಾಡಿದರು. ನನ್ನನ್ನು ಬಾಜೂ ಕೂರಿಸಿದ್ದರು. ಅವರು ಹೇಳಿದ್ದಕ್ಕೆ ನಗುವುದು ನನ್ನ ಕೆಲಸ, ಒಂದು ಕ್ಯಾಮೆರಾ ಬರೀ ನನ್ನ ಮುಖದ ಮೇಲಿತ್ತು.

ಸುಶಾಂತ ನಮ್ಮ ಕಪಾಳದ ವಿಡಿಯೋ ತೋರಿಸಿ, ನಿಮ್ಮ ಕಾಲದಲ್ಲಿ ಹೀಗೆ ಇತ್ತೇನ್ರಿ ಅಂತ ಕೇಳಿದ. ಮುದುಕ ಕುರ್ಚಿಯಲ್ಲಿ ಮುಂದೆ ಸರಿದು ಕೂತ.

"ಇದೇನ ಹೊಡತಾ? ನಾ ಒಂದ ಹುಡುಗಿಗೆ ಬಡದಿದ್ನಿ, ಹುಕ್ಕೇರಿ ಕ್ಯಾಂಪಿನ್ಯಾಗ. ರವಿವಾರ ಮಧ್ಯಾಹ್ನದ ಆಟ, ಟೆಂಟ್ ತುಂಬಿತ್ತು. ಕಪಾಳಕ್ಕ ಬಡದ ಕೂಡ್ಲೇ ಮಂದಿ ಎದ್ದ ನಿಂತು ಒನ್ಸ್ ಮೋರ್ ಅಂದ್ರು. ಹಾಡಿಗೆ ಒನ್ಸ್ ಮೋರ್ ಎಲ್ಲಾರಿಗೂ ಸಿಗತೈತಿ, ಕಪಾಳಕ್ಕ ಸಿಕ್ಕಿದ್ದು ನನಗೊಬ್ಬಗ. ಮತ್ತ ಬಡದ್ನಿ. ಮತ್ತ ಒನ್ಸ್ ಮೋರ್. ಮೂರು ಸಲ. ಮೂರನೇ ಸಲ ಹೆಂಗ ಕೊಟ್ನಿ ಅಂದ್ರ ಆಕಿ ಗಿರ್ಕಿ ಹೊಡದು ಹಾರ್ಮೋನಿಯಂ ಪೆಟ್ಟಿಗಿ ಮ್ಯಾಲ ಬಿದ್ಲು. ಪೇಟಿ ಮಾಸ್ತರ ಅಂಜಿ ಓಡಿ ಹೋದ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತಿ, ನಾನೂ ನಕ್ಕೆ. ಕೆಲಸ ಅಂತ ಶುರು ಮಾಡಿದೆ, ಆಮೇಲೆ ನಿಜವಾಗಿ ನಗು ಬಂತು. ಪೇಟಿ ಮಾಸ್ತರ ಓಡುವುದನ್ನು ಅವರು ಕೂತಲ್ಲೇ ಮಾಡಿ ತೋರಿಸಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಸುಶಾಂತ ಆ ಹುಡುಗಿ ಯಾರು ಅಂತ ಕೇಳಿದ. "ಮಸಗುಪ್ಪಿ ಕಡಿ ಕುರಿಗಾರರ ಹುಡುಗಿ. ಸಾವಿತ್ರಿ. ಛಲೋ ಕಲಾವಿದೆ, ಆದ್ರ ಗಟ್ಟಿ ಇರಲಿಲ್ಲ. ಅವತ್ತಿಂದ ಬರಲಿಲ್ಲ ನೋಡು" ಅಂತ ಹೇಳಿ ಇನ್ನೊಂದು ಕರದಂಟು ಬಾಯಿಗೆ ಹಾಕಿಕೊಂಡರು.

ನನ್ನ ಬಾಯಿ ಇನ್ನೂ ನಗುತ್ತಲೇ ಇತ್ತು. ಅದನ್ನು ಹೇಗೆ ಮುಚ್ಚಬೇಕು ಅಂತ ತಿಳಿಯಲಿಲ್ಲ. ಹೊರಗೆ ಬಂದು ಮೆಟ್ಟಿಲ ಹತ್ತಿರ ವಾಂತಿ ಮಾಡಿಕೊಂಡೆ.

ಸಣ್ಣವಳಿದ್ದಾಗಿಂದ ನಿನ್ನ ಬಲಗಡೆ ಕೂತು ಮಾತಾಡಬೇಕು ಅಂತ ನಮಗೆಲ್ಲ ಹೇಳಿಕೊಟ್ಟಿದ್ದರು, ಆ ಕಡೆಯ ಕಿವಿಯೂ ಮಂದವಾದದ್ದು ಈಚೆಗೆ. ಜ್ವರ ಒಂದೇ ಕಿವಿಗೆ ಹೇಗೆ ಬರುತ್ತದೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಲಗೈಯವನಲ್ಲವೇ ಅಂತ ನೀನು ಬರೆದಿದ್ದು ಈಗ ತಿಳಿಯುತ್ತಿದೆ.

ನನ್ನ ನಗು ಇರುವ ಭಾಗ ತೆಗೆದುಹಾಕು ಅಂತ ಸುಶಾಂತನ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅಷ್ಟು ಬೇಡಿಕೊಂಡೆ. ಅದೇ ಎಲ್ಲಕ್ಕಿಂತ ನ್ಯಾಚುರಲ್ ಆಗಿ ಬಂದಿದೆ ಅಂದ, ಹಾಕಿಯೇಬಿಟ್ಟ. ಅವನ ಚಾನೆಲ್ಲಿಗೆ ಇನ್ನು ಹೋಗುವುದಿಲ್ಲ. ಆದರೆ ಆ ವಿಡಿಯೋದಲ್ಲಿ ನಾನು ನಗುತ್ತಲೇ ಇರುತ್ತೇನೆ.

ಭಾಗ್ಯಾ


ಹುಕ್ಕೇರಿ
20 ನವೆಂಬರ್ 2024

ಭಾಗ್ಯಾ,

ನಿನ್ನ ಪತ್ರ ಬಂದಿದೆ. ಓದಿದೆ. ಅಂಗಡಿಗೆ ಹೋಗಿಲ್ಲ. ನಾನು ಬರೆಯುವ ತನಕ ಬರೆಯಬೇಡ, ಇಲ್ಲಿಗೆ ಬರಲೂಬೇಡ.

ಸಾ.


ಹುಕ್ಕೇರಿ
12 ಜನವರಿ 2025

ಭಾಗ್ಯಾ,

ವಿಜಯಲಕ್ಷ್ಮಿಗೆ ಹೇಳಿ ಆ ಸಂದರ್ಶನ ನೋಡಿದೆ. ಅವಳು ಬೇಡ ಅಂದಳು, ಕೇಳಲಿಲ್ಲ. ಅವನು ಮುದುಕನಾಗಿದ್ದಾನೆ, ಕತ್ತಿನ ಚರ್ಮ ಜೋತುಬಿದ್ದಿದೆ. ಹೊಡೆದದ್ದು ಹೇಗೆ ಅಂತ ತೋರಿಸುವಾಗ ಭುಜ ಮಾತ್ರ ಅವತ್ತು ತಿರುಗಿದ ಹಾಗೇ ತಿರುಗಿತು. ಮೂವತ್ತೈದು ವರ್ಷಕ್ಕೆ ಅದೊಂದು ಮುಪ್ಪಾಗಿಲ್ಲ. ನಿನ್ನ ನಗುವನ್ನೂ ನೋಡಿದೆ, ಹಲ್ಲು ಎಲ್ಲ ಕಾಣುತ್ತವೆ. ಮೊದಲು ನಿನ್ನ ಪತ್ರ ಬಂದಿತ್ತು, ಅದಕ್ಕೆ ನೋಡಲು ಆಯಿತು. ಮೊದಲು ವಿಡಿಯೋ ನೋಡಿದ್ದರೆ ಈ ಜನ್ಮದಲ್ಲಿ ನಿನ್ನ ಮುಖ ನೋಡುತ್ತಿರಲಿಲ್ಲ.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಿಟ್ಟದ್ದು ಬಹಳ ಇದೆ.

ಮೊದಲನೇ ಸಲ ಅವನು ಹೊಡೆದದ್ದು ಗಾಳಿಗೆ. ಸದ್ದು ನನ್ನದು, ನನ್ನ ಅಂಗೈಯದು. ಹಿಂದಿನ ಸಾಲಿನವರೂ ಬೆಚ್ಚಿ ಬೀಳುವಂಥ ಸದ್ದು. ಒನ್ಸ್ ಮೋರ್ ಬಂದದ್ದು ಅದಕ್ಕೆ, ಅವನ ಕೈಗಲ್ಲ. ಅದು ಅವನಿಗೂ ಗೊತ್ತಿತ್ತು. ಎರಡನೇ ಸಲ ಕೆನ್ನೆಗೆ ಬೆರಳ ತುದಿ ತಾಗಿಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಮೂರನೇ ಸಲ ಮಂದಿ ಒದರುವಾಗ ಅವನ ಭುಜ ಹಿಂದಕ್ಕೆ ಹೋದದ್ದು ನನಗೆ ಕಂಡಿತು. ಹಿಂದೆ ಸರಿಯಬಹುದಾಗಿತ್ತು. ಒಂದು ಹೆಜ್ಜೆ ಸಾಕಿತ್ತು.

ಸರಿಯಲಿಲ್ಲ. ಆ ಶಿಳ್ಳೆಯೆಲ್ಲ ನನ್ನದು ಅಂತ ಹಿಗ್ಗಿದ್ದೆ. ಮುಖ ನಾನೇ ಕೊಟ್ಟೆ.

ಅವನ ಬಗ್ಗೆ ನನಗೆ ಹೇಸಿಕೆ ಇದೆ, ಆದರೆ ಅದು ಹಳೆಯದಾಗಿದೆ. ಟೆಂಟಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒನ್ಸ್ ಮೋರ್ ಅಂದ ಹೆಣ್ಣುಮಕ್ಕಳ ಬಗ್ಗೆಯೂ ಇದೆ. ಅವರಲ್ಲಿ ಎಷ್ಟು ಜನ ಮನೆಯಲ್ಲಿ ಅದೇ ಹೊಡೆತ ತಿಂದು ಬಂದಿದ್ದರೋ ಏನೋ. ಇಷ್ಟು ವರ್ಷ ಹೋಗದೆ ಉಳಿದದ್ದು ನನ್ನ ಹಿಗ್ಗಿನ ಮೇಲಿನ ಹೇಸಿಕೆ. ಎಡಗಿವಿ ಕೊನೆಯದಾಗಿ ಕೇಳಿದ್ದು ಶಿಳ್ಳೆ. ಪರದೆ ಬಿದ್ದ ಮೇಲೆ ಅವನು ಬಂದು, "ಛಲೋ ಆತಲ್ಲ ಸಾವಿತ್ರಿ" ಅಂದ. ಎರಡೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಬಾಯಿ ಅಲ್ಲಾಡಿದ್ದು ನೋಡಿ ತಿಳಿದುಕೊಂಡೆ. ನಾನು ಹೌದು ಅಂತ ತಲೆಯಾಡಿಸಿದೆ, ಭಾಗ್ಯಾ. ಕಿವಿಯಿಂದ ರಕ್ತ ಇಳಿದು ಕುಪ್ಪಸದ ಕೊರಳು ತೊಯ್ದಿತ್ತು.

ಕಿವಿಯ ತಮಟೆ ಹರಿದಿದೆ ಅಂದರು ಡಾಕ್ಟರು. ನಾನು ಆಸ್ಪತ್ರೆಯಲ್ಲಿದ್ದಾಗಲೇ ಕಂಪನಿ ಟೆಂಟು ಬಿಚ್ಚಿ ಮುಂದಿನ ಊರಿಗೆ ಹೋಯಿತು. ನನ್ನ ಟ್ರಂಕನ್ನು ದವಾಖಾನೆಯ ಬಾಗಿಲಲ್ಲಿ ಇಟ್ಟು ಹೋಗಿದ್ದರು. ನಿಮ್ಮಪ್ಪ ಕೆಂಚಪ್ಪ ಕಂಬಳಿ ಹೊದ್ದುಕೊಂಡು ಬಂದ. ಕಿವಿಯಲ್ಲಿ ಹತ್ತಿ ನೋಡಿದ. ಯಾರು ಅಂತ ಕೇಳಲಿಲ್ಲ, ಅವನಿಗೆ ತಿಳಿದಿತ್ತು. "ಮನ್ಯಾಗ ಜ್ವರಾ ಬಂದಿತ್ತು ಅಂತ ಹೇಳ್ತೇನಿ" ಅಂದ. ಕಂಪನಿ ಸೇರಿ ಹೊಡೆತ ತಿಂದಳು ಅನ್ನುವುದಕ್ಕಿಂತ ಜ್ವರ ಮರ್ಯಾದೆಯದು ಅನ್ನಿಸಿತೇನೋ ಅವನಿಗೆ. ನಮ್ಮ ಮನೆದೇವರು ಬೀರಪ್ಪನ ಭಂಡಾರ, ಆ ಅರಿಸಿನ ಪುಡಿ, ಹಣೆಗೆ ಹಚ್ಚಿ ಹೋದ. ಆ ಭಂಡಾರದ ಮೇಲೆ ಅವನು ಹೇಳಿದ ಮಾತು ಸುಳ್ಳು ಮಾಡಬಾರದು ಅಂತ ನಾನೂ ಇಷ್ಟು ವರ್ಷ ಜ್ವರ ಅಂದೆ. ಮಸಗುಪ್ಪಿಗೆ ವಾಪಸು ಬಾ ಅಂತ ಅವನು ಕರೆಯಲಿಲ್ಲ, ನಾನು ಕೇಳಲಿಲ್ಲ. ಹಾಗಾಗಿ ಹುಕ್ಕೇರಿಯಲ್ಲೇ ಉಳಿದೆ.

ನಿನಗೆ ಹೋಗಬೇಡ ಅಂತ ಬರೆದೆ. ಅದು ಅರ್ಧ ನಿನಗಾಗಿ, ಅರ್ಧ ಹೊಟ್ಟೆಕಿಚ್ಚಿಗೆ. ಆ ಹೊಲಸು ನೀರಿನ ಪಕ್ಕದ ಒಲೆ ನನಗೆ ಇವತ್ತಿಗೂ ಬೇಕು. ಕೇಳಿದೆಯಲ್ಲ, ಹೇಳಿದ್ದೇನೆ.

ಬೆಂಗಳೂರಿನವರು ಮತ್ತೆ ಕರೆದರೆ ಪರೀಕ್ಷೆಗೆ ಹೋಗಿ ಬಾ. ಬರೀ ನೋಡಿ ಬಾ. ಏನಾಯಿತು ಅಂತ ಒಂದೂ ಬಿಡದೆ ಬರೆ.

ನಿನ್ನ ಅತ್ತಿ


ಬೆಂಗಳೂರು
16 ಫೆಬ್ರವರಿ 2025

ಅತ್ತಿ,

ಬಂದಿದ್ದೇನೆ. ನಾಳೆ ವಾಪಸು ಹೊರಡುತ್ತೇನೆ. ನನ್ನ ಜೊತೆ ಓದಿದ ಭೀಮಶಿಯ ಅಕ್ಕನ ಮನೆಯಲ್ಲಿ ಇಳಿದಿದ್ದೇನೆ. ನೀನು ಒಂದೂ ಬಿಡಬೇಡ ಅಂದಿದ್ದಕ್ಕೆ ಈ ಪತ್ರ ಇಲ್ಲಿಂದಲೇ.

ಒಳಗೆ ಹೋದ ಕೂಡಲೇ ಎಲ್ಲರೂ "ಚಾ ಕುಡಿತೀಯೇನು" ಅಂದರು. ನಮ್ಮ ಮಾತು ಅವರ ಬಾಯಲ್ಲಿ ನಮ್ಮದಾಗಿ ಕೇಳಿಸುವುದಿಲ್ಲ, ಮೂಗಿನಿಂದ ಎಳೆದು ಆಡಿ ನಗುತ್ತಾರೆ. ಮಾತು ಓದಲು ಕೊಟ್ಟರು. ಎಲ್ಲ ಸಾಲಿನ ಕೊನೆಗೂ "ರೀ" ಅಂಟಿಸಿದ್ದರು, ನಾಯಿಗೆ ಬೈಯುವ ಕಡೆಯೂ. ನಾವು ನಾಯಿಗೆ ರೀ ಅನ್ನುವುದಿಲ್ಲ ಅಂತ ಹೇಳಿದೆ. ಅದೇ ಮಜಾ ಅಂದರು.

ಡೈರೆಕ್ಟರ್ ಹೆಂಗಸು. ಮೆತ್ತಗೆ ಮಾತಾಡುತ್ತಾರೆ. ಮೊದಲನೇ ಎಪಿಸೋಡಿನಲ್ಲೇ ಮನೆಯೊಡತಿ ಕೆಲಸದವಳ ಕಪಾಳಕ್ಕೆ ಹೊಡೆಯುತ್ತಾಳೆ, ಅದನ್ನೇ ಮಾಡಿ ನೋಡೋಣ ಅಂದರು. "ನಮ್ಮಲ್ಲಿ ಯಾರೂ ನಿಜವಾಗಿ ಹೊಡೆಯಲ್ಲಮ್ಮ, ಹೆದರಬೇಡ" ಅಂತ ಬೆನ್ನು ಸವರಿದರು. ಒಡತಿಯ ಪಾತ್ರದವರು ಕೈ ಬೀಸಿದರು, ನಾನು ಮುಖ ತಿರುಗಿಸಿದೆ. ಆಗ ಡೈರೆಕ್ಟರ್ ಹತ್ತಿರ ಬಂದು, ಅದೇ ಮೆತ್ತನೆಯ ದನಿಯಲ್ಲಿ, "ಆ ವಿಡಿಯೋದಲ್ಲಿದ್ದ ಎಫೆಕ್ಟ್ ಬರ್ತಿಲ್ಲ ಕಣಮ್ಮ. ಅವರು ಸ್ವಲ್ಪವೇ ಟಚ್ ಮಾಡ್ಬಹುದಾ? ನಿನಗೆ ಅಭ್ಯಾಸ ಇದೆಯಲ್ಲ" ಅಂತ ಕೇಳಿದರು.

ಸುಶಾಂತ ಕೇಳದೆ ಹೊಡೆಯುತ್ತಿದ್ದ. ಇವರು ಕೇಳಿ ಹೊಡೆಯುತ್ತಾರೆ. ಯಾವುದಕ್ಕೆ ಹೆಚ್ಚು ಹೇಸಬೇಕು ಅಂತ ಒಂದು ಕ್ಷಣ ತಿಳಿಯಲಿಲ್ಲ.

"ಮೇಡಮ್ಮಾರ, ಕೈ ಗಾಳ್ಯಾಗ ಇರ್ಲಿ. ಸದ್ದು ನಾ ಕೊಡ್ತೇನಿ" ಅಂದೆ. ಆಯಿತು ಅಂದರು, ನಂಬಿಕೆಯಿಂದಲ್ಲ. ಒಡತಿ ಕೈ ಬೀಸಿದರು. ಅತ್ತಿ, ನಿನ್ನ ಸದ್ದು ಹಾಗೇ ಬಂತು. ಲೈಟ್ ಹಿಡಿದವನು ಎದ್ದು ನಿಂತ. ಒಡತಿಯ ಪಾತ್ರದವರು ಗಾಬರಿಯಾಗಿ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ನನ್ನ ಮುಖ ಹಿಡಿದು, "ಸಾರಿ, ತಗುಲಿಬಿಡ್ತಾ" ಅಂತ ಕೇಳಿದರು. ಇಲ್ಲ ಅಂತ ಎರಡು ಸಲ ಹೇಳಬೇಕಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡೈರೆಕ್ಟರ್ ಎರಡು ಕೈ ಎತ್ತಿ, ನಗುತ್ತಾ, "ಒನ್ಸ್ ಮೋರ್" ಅಂದರು.

ಏನೂ ತಿಳಿಯದೆ ಅಂದದ್ದು, ಅವರಿಗೆ ಅದೊಂದು ಹೊಗಳಿಕೆ. ನನಗೂ ಒಳಗೆ ಹಿಗ್ಗಾಯಿತು. ನೀನು ಬರೆದ ಹಿಗ್ಗು ಇದೇ ಅಂತ ಗುರುತು ಸಿಕ್ಕಿತು. ಒಡತಿಯ ಭುಜ ನೋಡಿದೆ. ತಿರುಗಿರಲಿಲ್ಲ. ಮಾಡಿದೆ.

ಆರಿಸಿದ್ದಾರೆ. ಏಪ್ರಿಲ್ ಒಂದರಿಂದ ಶುರು, ಆರು ತಿಂಗಳಂತೂ ಇಲ್ಲೇ ಇರಬೇಕು. ನನ್ನ ಮೈಗೆ ಯಾರ ಕೈಯೂ ತಾಗಬಾರದು ಅಂತ ಕಾಗದದಲ್ಲಿ ಬರೆದುಕೊಡಿ ಅಂದೆ. ಡೈರೆಕ್ಟರ್ ಮತ್ತೆ ಬೆನ್ನು ಸವರಿ, "ಬರೆಯೋದೆಲ್ಲ ಯಾಕಮ್ಮ, ಹೊಂದಿಕೊಂಡು ಹೋದರಾಯ್ತು. ನೋಡೋಣ" ಅಂದರು. ಆ "ನೋಡೋಣ" ನನ್ನ ಬೆನ್ನಿನ ಮೇಲೆ ಇನ್ನೂ ಇದೆ. ಉತ್ತರ ಕೊಡಲು ತಿಂಗಳ ಕೊನೆಯ ತನಕ ಗಡುವು.

ಊರಲ್ಲಿ ಉದ್ದವ್ವ ಕಾಯುತ್ತಿದ್ದಾಳೆ, ಗೋಕಾಕದಲ್ಲಿ ಸುಶಾಂತ ದಿನಾ ಫೋನ್ ಮಾಡುತ್ತಾನೆ, ಇಲ್ಲಿ "ನೋಡೋಣ". ಮೂರೂ ಕಡೆ ಮುಖ ಕೊಡಬೇಕಾದದ್ದು ನಾನೇ. ಹೋಗಲಾ, ಬೇಡವಾ ಅಂತ ಆರು ತಿಂಗಳ ಹಿಂದೆ ಕೇಳಿದ್ದೆ. ಅದೇ ಮಾತು ಮತ್ತೆ ಕೇಳುತ್ತಿದ್ದೇನೆ. ಈ ಸಲ ಪೂರ್ತಿ ನನಗಾಗಿ ಉತ್ತರ ಹೇಳು.

ಭಾಗ್ಯಾ


ಹುಕ್ಕೇರಿ
24 ಫೆಬ್ರವರಿ 2025

ಭಾಗ್ಯಾ,

ನಿನ್ನ ಪತ್ರದಲ್ಲಿ ಸದ್ದಿನ ಭಾಗವನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ವಿಜಯಲಕ್ಷ್ಮಿಯನ್ನು ಅಂಗಡಿಯ ನಡುವೆ ನಿಲ್ಲಿಸಿ, ಕೈ ಬೀಸು ಅಂತ ಹೇಳಿ ಮಾಡಿ ನೋಡಿದೆ. ನನಗೆ ಕೇಳಿಸಲಿಲ್ಲ. ಅವಳು ಕತ್ತರಿ ಕೆಳಗೆ ಹಾಕಿದ್ದು ನೋಡಿ, ಬಂತು ಅಂತ ತಿಳಿದುಕೊಂಡೆ.

ನಾಯಿಗೆ ರೀ ಅನ್ನಬೇಡ. ಅಲ್ಲಿಂದ ಶುರು ಮಾಡು. ಒಂದು ಬಿಟ್ಟುಕೊಟ್ಟರೆ ಮುಖದ ತನಕ ಬರುತ್ತಾರೆ.

ಆ ಹೆಂಗಸಿನ "ನೋಡೋಣ" ನನಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಹದಿನೈದು ದಿನ ಗಾಳಿಗೆ ಹೊಡೆಯುತ್ತಾರೆ. ಹದಿನಾರನೇ ದಿನ ಯಾರಿಗೋ ಹೊತ್ತಾಗಿರುತ್ತದೆ, ಯಾರೋ ಒನ್ಸ್ ಮೋರ್ ಅನ್ನುತ್ತಾರೆ, ನಿನಗೂ ಹಿಗ್ಗಿರುತ್ತದೆ. ಆಗ ಭುಜ ತಿರುಗುವುದು ನಿನಗೆ ಕಾಣುವುದಿಲ್ಲ. ನನಗೆ ಕಂಡಿತ್ತು, ಆದರೂ ನಿಂತೆ. ಇದು ಒಬ್ಬಳಿಂದ ಆಗುವ ಕೆಲಸವಲ್ಲ.

ಕೆಂಚಪ್ಪನಿಗೆ ಕಾಗದ ಹಾಕಿದ್ದೇನೆ. ಜ್ವರದ ಮಾತು ಇನ್ನು ಸಾಕು, ಭಂಡಾರದ ಪಾಪ ಇದ್ದರೆ ನನಗಿರಲಿ ಅಂತ ಬರೆದಿದ್ದೇನೆ. ಯಾರೂ ಓದಿ ಹೇಳಬಾರದು, ತಾನೇ ಅಕ್ಷರ ಕೂಡಿಸಿಕೊಂಡು ಓದಬೇಕು ಅಂತ ಲಕೋಟೆಯ ಮೇಲೂ ಬರೆದಿದ್ದೇನೆ.

ವಿಜಯಲಕ್ಷ್ಮಿ ಹಳೆಯ ಹೊಲಿಗೆ ಮಷೀನೊಂದನ್ನು ಕೊಡುತ್ತಾಳಂತೆ. ಕಾಜಾ ಗುಂಡಿ ಬೆಂಗಳೂರಿನವರ ಅಂಗಿಗೂ ಬೇಕು. ಘಟಪ್ರಭಾ ಸ್ಟೇಷನ್ನಿನಿಂದ ಎರಡು ಟಿಕೆಟ್ ತೆಗೆ, ಒಂದು ಕೆಳಗಿನ ಸೀಟು ಇರಲಿ, ನನ್ನ ಮಂಡಿ ಮೇಲೆ ಹತ್ತುವುದಿಲ್ಲ. ಸಂತೋಷದಿಂದ ಬರುತ್ತಿದ್ದೇನೆ ಅಂತ ತಿಳಿಯಬೇಡ. ಅಲ್ಲಿಯ ಚಾ ನನಗೆ ಸೇರುವುದಿಲ್ಲ, ಆ ಏಸಿಯೂ ಸೇರುವುದಿಲ್ಲ, ಬೆನ್ನು ಸವರುವವರಂತೂ ಸೇರುವುದೇ ಇಲ್ಲ.

ಶೂಟಿಂಗಿಗೆ ನಮ್ಮತ್ತಿ ಬರ್ತಾಳೆ ಅಂತ ಈಗಲೇ ಹೇಳಿಬಿಡು. ಕ್ಯಾಮೆರಾದ ಬಾಜೂ ನನಗೊಂದು ಕುರ್ಚಿ ಹಾಕಿಸು. ಸೀನಿಗೆ ಅದು ಯಾಕೆ ಬೇಕು, ಒಂದೇ ಒಂದು ಸಲ ಯಾಕೆ ತಾಗಿಸಬೇಕು ಅಂತ ಅವರು ಎಷ್ಟು ಮೆತ್ತಗೆ ತಿಳಿಸಿ ಹೇಳಿದರೂ ನನಗೆ ಕೇಳಿಸುವುದಿಲ್ಲ. ನಾನು ಭುಜ ನೋಡುತ್ತಾ ಕೂತಿರುತ್ತೇನೆ.

ನಿನ್ನ ಅತ್ತಿ
ಸಾವಿತ್ರಿ, ಕಲಾವಿದೆ